ಐದನೇ ತಿಂಗಳ ಸ್ಕ್ಯಾನಿನಲ್ಲಿ ‘ಮಗುವಿನ ಕಿಡ್ನಿ ಊದಿದೆ’ ಅಂದರೆ

ಡಾಕ್ಟರ್ ಅಷ್ಟು ಹೊತ್ತು ಹರಟುತ್ತಲೇ ಇದ್ದರು. ಇದು ತಲೆ, ಇದು ಬೆನ್ನುಮೂಳೆ, ಇಗೋ ಹೃದಯದ ನಾಲ್ಕು ಕೋಣೆ. ಆಮೇಲೆ ಒಮ್ಮೆಲೇ ಮಾತು ನಿಂತಿತು. ಪ್ರೋಬನ್ನು ಹೊಟ್ಟೆಯ ಒಂದು ಕಡೆ ಒತ್ತಿ ಹಿಡಿದರು, ತೆಗೆದರು, ಮತ್ತೆ ಒತ್ತಿದರು. ‘ಸ್ವಲ್ಪ ಎಡಮಗ್ಗುಲಾಗಮ್ಮ’ ಅಂದರು. ಪರದೆಯ ಮೇಲೆ ಪುಟ್ಟ ಕಪ್ಪು ಬಟ್ಟಲಿನಂಥದ್ದೇನೋ ಕಾಣುತ್ತಿತ್ತು. ಅದರ ಈ ಅಂಚಿಗೊಂದು, ಆ ಅಂಚಿಗೊಂದು ಪ್ಲಸ್ ಗುರುತು ಬಿತ್ತು. ನಡುವೆ ಚುಕ್ಕೆಗೆರೆ. ಮೂಲೆಯಲ್ಲಿ ಅಂಕಿ: 6.8 ಎಂಎಂ.

ಅದು ನನ್ನ 20ನೇ ವಾರ. ರಿಪೋರ್ಟಿನ ತುಂಬ ‘ನಾರ್ಮಲ್’, ‘ನಾರ್ಮಲ್’ ಎಂದಿತ್ತು. ಒಂದೇ ಒಂದು ಸಾಲು ದಪ್ಪ ಅಕ್ಷರದಲ್ಲಿತ್ತು: ಎಡ ಕಿಡ್ನಿಯ ರೀನಲ್ ಪೆಲ್ವಿಸ್ ಹಿಗ್ಗಿದೆ, ಎಪಿಡಿ 6.8 ಎಂಎಂ, ಮತ್ತೆ ನೋಡಬೇಕು. ಮನೆ ಸೇರುವಷ್ಟರಲ್ಲಿ ಮೊಬೈಲಿನಲ್ಲಿ ಓದಬಾರದ್ದನ್ನೆಲ್ಲ ಓದಿ ಮುಗಿಸಿದ್ದೆ. ಡಯಾಲಿಸಿಸ್, ಕಿಡ್ನಿ ಕಸಿ, ಏನೇನೋ. ಆ ರಾತ್ರಿ ಯಾರಾದರೂ ಪಕ್ಕ ಕೂತು ನಿಧಾನಕ್ಕೆ ಹೇಳಬೇಕಿತ್ತು ಅನ್ನಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಒಂದು ಫೈಲು ಹಿಡಿದು ನಾಲ್ಕೈದು ವರ್ಷ ಓಡಾಡಿದ ತಾಯಿ, ಅಷ್ಟೇ.

ಮೊದಲು ಆ ಕಪ್ಪು ಬಟ್ಟಲು ಏನು ಅಂತ ನೋಡೋಣ. ಕಿಡ್ನಿ ರಕ್ತವನ್ನು ಸೋಸಿ ಮೂತ್ರ ಮಾಡುತ್ತದೆ. ಆ ಮೂತ್ರ ಕಿಡ್ನಿಯ ಒಳಮಗ್ಗುಲಲ್ಲಿರುವ ಒಂದು ಆಲಿಕೆಗೆ ಬಂದು ಬೀಳುತ್ತದೆ. ರೀನಲ್ ಪೆಲ್ವಿಸ್ ಅನ್ನುವುದು ಆ ಆಲಿಕೆಗೇ. ಆಲಿಕೆಯ ಕೆಳತುದಿಯಿಂದ ಯುರೇಟರ್ ಎಂಬ ಸಣ್ಣ ನಾಳ ಹೊರಟು ಮೂತ್ರಕೋಶ ಸೇರುತ್ತದೆ. ಅಲ್ಲಿಂದ ಹೊರಗೆ. ಸ್ಕ್ಯಾನಿನಲ್ಲಿ ನೀರು ಕಪ್ಪಗೆ ಕಾಣುತ್ತದೆ. ಆಲಿಕೆಯಲ್ಲಿ ಮೂತ್ರ ಜಾಸ್ತಿ ನಿಂತಿದ್ದರೆ ಕಪ್ಪು ಬಟ್ಟಲು ದೊಡ್ಡದಾಗಿ ಕಾಣುತ್ತದೆ. ಹಿಂದಿನಿಂದ ಮುಂದಕ್ಕೆ ಅದರ ಅಗಲ ಎಷ್ಟು ಅನ್ನುವುದೇ ಎಪಿಡಿ. ಈ ಊತಕ್ಕೆ ಹೈಡ್ರೋನೆಫ್ರೋಸಿಸ್ ಅಂತ ಹೆಸರು. ಸ್ವಲ್ಪವೇ ಇದ್ದರೆ ಕೆಲವರು ಪೈಲೆಕ್ಟಾಸಿಸ್ ಎಂದೂ ಬರೆಯುತ್ತಾರೆ.

ಇಲ್ಲೇ ಎಲ್ಲರೂ ಎಡವುವುದು. ಹೈಡ್ರೋನೆಫ್ರೋಸಿಸ್ ಅನ್ನುವುದು ಕಾಯಿಲೆಯ ಹೆಸರಲ್ಲ, ಕಣ್ಣಿಗೆ ಕಂಡದ್ದರ ಹೆಸರು. ಮನೆ ಮುಂದೆ ನೀರು ನಿಂತಿದೆ ಅಂತ ಯಾರೋ ಫೋನ್ ಮಾಡಿದ ಹಾಗೆ. ಯಾಕೆ ನಿಂತಿದೆ? ಜೋರು ಮಳೆ ಬಂದು ಇನ್ನೂ ಹರಿದಿಲ್ಲದೆ ಇರಬಹುದು, ಸಂಜೆಗೆ ತಾನೇ ಇಳಿಯುತ್ತದೆ. ಚರಂಡಿ ಒಂದು ಕಡೆ ಕಿರಿದಾಗಿರಬಹುದು. ಕೆಳಗಿನ ಮೋರಿಯಿಂದ ನೀರು ವಾಪಸ್ ನುಗ್ಗುತ್ತಿರಬಹುದು. ಇಲ್ಲವೇ ಬೀದಿಯ ಕೊನೆಯಲ್ಲಿ ಮೋರಿ ಬಾಯಿಯೇ ಕಟ್ಟಿಕೊಂಡಿರಬಹುದು. ನಾಲ್ಕಕ್ಕೂ ಕಾಣುವುದು ಒಂದೇ ನೋಟ. ಚಿಂತೆ ಮಾತ್ರ ನಾಲ್ಕಕ್ಕೂ ಬೇರೆ ಬೇರೆ.

ಈ ನೋಟ ಅಪರೂಪವೇನೂ ಅಲ್ಲ. ನೂರು ಬಸುರಿಯರಿಗೆ ಸ್ಕ್ಯಾನ್ ಮಾಡಿದರೆ 1ರಿಂದ 5 ಜನರಲ್ಲಿ ಮಗುವಿನ ಕಿಡ್ನಿ ಇಷ್ಟೋ ಅಷ್ಟೋ ಹಿಗ್ಗಿರುತ್ತದೆ. ಹೊಟ್ಟೆಯಲ್ಲಿರುವ ಬೇರೆ ತೊಂದರೆಗಳಿಗೆ ಹೋಲಿಸಿದರೆ ಸ್ಕ್ಯಾನಿನಲ್ಲಿ ತುಂಬ ಹೆಚ್ಚಾಗಿ ಕಣ್ಣಿಗೆ ಬೀಳುವುದರಲ್ಲಿ ಇದೂ ಒಂದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲನೇ ಜಾತಿಯದ್ದು, ಮಳೆನೀರಿನ ಥರ. ಹುಟ್ಟುವ ಮೊದಲೋ, ಹುಟ್ಟಿದ ಒಂದೆರಡು ವರ್ಷದಲ್ಲೋ ತಾನಾಗಿ ಇಳಿಯುತ್ತದೆ. ಉಳಿದವುಗಳಲ್ಲಿ ಹೆಚ್ಚಿನವು ಆಲಿಕೆ ಮತ್ತು ನಾಳ ಸೇರುವಲ್ಲಿನ ಕಿರಿದು. ಡಾಕ್ಟರುಗಳು ಅದನ್ನು ಪಿಯುಜೆ ಅಡಚಣೆ ಅನ್ನುತ್ತಾರೆ. ಮೂತ್ರಕೋಶದಿಂದ ಮೂತ್ರ ಮೇಲಕ್ಕೆ ಹಿಮ್ಮುಖ ಹರಿಯುವುದು ಇನ್ನೊಂದು, ಅದು ರಿಫ್ಲಕ್ಸ್. ಮೋರಿ ಬಾಯಿ ಕಟ್ಟಿಕೊಳ್ಳುವುದು ಎಲ್ಲಕ್ಕಿಂತ ವಿರಳ, ಎಲ್ಲಕ್ಕಿಂತ ಗಂಭೀರ. ಅದಕ್ಕೆ ಆಮೇಲೆ ಬರುತ್ತೇನೆ.

ಅಂಕಿಗಳ ಲೆಕ್ಕ ಹೀಗಿದೆ. 28 ವಾರಕ್ಕೆ ಮೊದಲು 4 ಎಂಎಂ, ಆಮೇಲೆ 7 ಎಂಎಂ ಮುಟ್ಟಿದರೆ ‘ಹಿಗ್ಗಿದೆ’ ಅನ್ನುತ್ತಾರೆ. 28 ವಾರಕ್ಕೆ ಮೊದಲೇ 7 ಎಂಎಂ, ಆಮೇಲೆ 10 ಎಂಎಂ ಮುಟ್ಟಿದರೆ ಇನ್ನಷ್ಟು ಹತ್ತಿರದಿಂದ ಗಮನಿಸುತ್ತಾರೆ. 2014ರಲ್ಲಿ ಬೇರೆ ಬೇರೆ ತಜ್ಞರ ಸಂಘಗಳು ಸೇರಿ ಮೂತ್ರದ ದಾರಿ ಎಷ್ಟು ಹಿಗ್ಗಿದೆ ಅನ್ನುವುದಕ್ಕೆ ಯುಟಿಡಿ ಅನ್ನುವ ಒಂದು ವಿಂಗಡಣೆ ಮಾಡಿಕೊಂಡವು. ನಿಮ್ಮ ರಿಪೋರ್ಟಿನಲ್ಲಿ ಯುಟಿಡಿ ಎ1 ಅಂತ ಇದ್ದರೆ ಕಡಿಮೆ ಚಿಂತೆಯ ಗುಂಪು, ಎ2-3 ಅಂತ ಇದ್ದರೆ ಜಾಸ್ತಿ ನಿಗಾ ಬೇಕಾದ ಗುಂಪು. ನನ್ನ 6.8 ಎ1. ಕೂದಲೆಳೆಯಲ್ಲಿ ಎ1. ಈ ದಶಮಾಂಶಗಳ ಮೇಲೆ ನಾನು ಎಷ್ಟು ನಿದ್ದೆಗೆಟ್ಟೆನೋ! ಆಮೇಲೆ ಗೊತ್ತಾಯಿತು, ಮಗು ಆಗಷ್ಟೇ ಉಚ್ಚೆ ಹೊಯ್ದಿದೆಯೋ ಇಲ್ಲವೋ ಅನ್ನುವುದರ ಮೇಲೂ ಒಂದೆರಡು ಎಂಎಂ ಹಿಂದೆ ಮುಂದೆ ಆಗುತ್ತದೆ. ಒಂದೇ ದಿನ ಎರಡು ಸಲ ಅಳೆದರೂ ಅಂಕಿ ಒಂದೇ ಬರಬೇಕಂತಿಲ್ಲ.

ಅಂಕಿಗಿಂತ ಮುಖ್ಯವಾದ ಬೇರೆ ಪ್ರಶ್ನೆಗಳಿವೆ. ಊತ ಒಂದು ಕಡೆಯೋ ಎರಡೂ ಕಡೆಯೋ? ಮೂತ್ರಕೋಶ ಸರಿಯಾಗಿ ತುಂಬಿ ಖಾಲಿಯಾಗುತ್ತಿದೆಯೋ? ಕಿಡ್ನಿಯ ಮಾಂಸಭಾಗ, ಅಂದರೆ ಸೋಸುವ ಭಾಗ, ದಪ್ಪಗೆ ಚೆನ್ನಾಗಿದೆಯೋ, ತೆಳ್ಳಗಾಗಿದೆಯೋ? ಮತ್ತೆ ಎಲ್ಲಕ್ಕಿಂತ ಮೊದಲು: ಮಗುವಿನ ಸುತ್ತ ನೀರು ಸಾಕಷ್ಟಿದೆಯೋ?

ಈ ನೀರಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಅದು ಗೊತ್ತಾದ ದಿನ ನನ್ನ ಅರ್ಧ ಭಯ ಹೋಯಿತು. ಹೊಟ್ಟೆಯಲ್ಲಿರುವ ಮಗು ಸುಮಾರು 10 ವಾರಕ್ಕೇ ಮೂತ್ರ ಮಾಡಲು ಶುರು ಮಾಡುತ್ತದೆ. 16 ವಾರದ ಹೊತ್ತಿಗೆ ಅದರ ಸುತ್ತ ಇರುವ ನೀರಿನ ಬಹುಪಾಲು ಅದರದೇ ಮೂತ್ರ. ಅದನ್ನೇ ಕುಡಿಯುತ್ತದೆ, ಅದನ್ನೇ ಹೊಯ್ಯುತ್ತದೆ. ಕೇಳಲು ಒಂಥರಾ ಅನ್ನಿಸಬಹುದು, ಆದರೆ ಅದರಲ್ಲಿ ಹೊಲಸೇನೂ ಇಲ್ಲ. ಯಾಕೆಂದರೆ ಮಗುವಿನ ರಕ್ತದ ಕಲ್ಮಶ ತೆಗೆಯುವ ಕೆಲಸ ಆಗ ಅದರ ಕಿಡ್ನಿಯದ್ದಲ್ಲ, ಮಾಸಿನದ್ದು. ಹೊಕ್ಕುಳಬಳ್ಳಿಯಿಂದ ಬಂದ ಕಲ್ಮಶವನ್ನು ತಾಯಿಯ ಕಿಡ್ನಿ ಹೊರಹಾಕುತ್ತದೆ. ಹಾಗಾಗಿ ಒಂದು ಕಿಡ್ನಿ ಊದಿದ್ದರೆ ಒಳಗಿರುವ ಮಗುವಿಗೆ ನೋವಿಲ್ಲ, ವಿಷವೇರುವುದಿಲ್ಲ, ಬೆಳವಣಿಗೆ ನಿಲ್ಲುವುದಿಲ್ಲ.

ನೀರು ಬೇಕಾಗಿರುವುದು ಶ್ವಾಸಕೋಶಕ್ಕೆ. ಸುತ್ತ ನೀರು ಸಾಕಷ್ಟಿದ್ದರೆ ಮಾತ್ರ ಮಗುವಿನ ಶ್ವಾಸಕೋಶ ಸರಿಯಾಗಿ ಅರಳುತ್ತದೆ. ಎರಡೂ ಕಿಡ್ನಿಗೆ ತೊಂದರೆಯಾಗಿ, ಮೂತ್ರವೇ ಬಾರದೆ ನೀರು ತೀರಾ ಕಡಿಮೆಯಾದರೆ ಅಪಾಯ ಕಿಡ್ನಿಗಿಂತ ಮೊದಲು ಉಸಿರಾಟಕ್ಕೆ. ನೀರು ಸರಿಯಾಗಿದೆ ಅಂದರೆ ಕನಿಷ್ಠ ಒಂದು ಕಿಡ್ನಿ ಚೆನ್ನಾಗಿಯೇ ದುಡಿಯುತ್ತಿದೆ ಅಂತಲೇ ಅರ್ಥ. ನಿಮ್ಮ ರಿಪೋರ್ಟಿನಲ್ಲಿ ಎಎಫ್‌ಐ ಅಥವಾ ಲಿಕರ್ ಅಂತ ಇರುವ ಸಾಲು ಅದೇ. ನಾನು ಆ ಸಾಲನ್ನು ಓದಿರಲೇ ಇಲ್ಲ. ‘ಅಡಿಕ್ವೇಟ್’, ಅಂದರೆ ಸಾಕಷ್ಟಿದೆ ಅಂತ ಬರೆದಿದ್ದರು.

ಮನೆಯಲ್ಲಿ ಇಷ್ಟೆಲ್ಲ ಯಾರು ಕೇಳುತ್ತಾರೆ? ಸುದ್ದಿ ತಿಳಿದ ತಕ್ಷಣ ಒಬ್ಬರು ಗ್ರಹಣದ ದಿನ ಹೊರಗೆ ಹೋಗಿದ್ದೆಯಾ ಅಂದರು. ಇನ್ನೊಬ್ಬರು ಪಪ್ಪಾಯಿ ತಿಂದೆಯಾ ಅಂದರು. ನನ್ನ ಅತ್ತೆ ಮಾತ್ರ ಏನೂ ಕೇಳಲಿಲ್ಲ, ದಿನಾ ಎರಡು ಚೊಂಬು ಬಾರ್ಲಿ ನೀರು ಕಾಯಿಸಿಟ್ಟರು. ‘ನೀನು ಕುಡಿದರೆ ಅದರದ್ದೂ ಕ್ಲಿಯರ್ ಆಗುತ್ತೆ ಕಣಮ್ಮ’ ಅನ್ನುತ್ತಿದ್ದರು. ಪ್ರೀತಿಯಿಂದ ಕೊಟ್ಟದ್ದು, ಕುಡಿದೆ. ಆದರೆ ತಾಯಿ ಎಷ್ಟು ನೀರು ಕುಡಿದರೂ ಮಗುವಿನ ಆಲಿಕೆಯ ಕೆಳಗಿನ ಕಿರಿದು ಅಗಲವಾಗುವುದಿಲ್ಲ. ತಿಂದದ್ದರಿಂದ, ನಡೆದದ್ದರಿಂದ, ಗಾಡಿ ಓಡಿಸಿದ್ದರಿಂದ ಈ ಊತ ಬರುವುದೂ ಇಲ್ಲ. ಮಗುವಿನ ಅಂಗಗಳು ಮೂಡುವಾಗಲೇ ಆದ ಸಣ್ಣ ವ್ಯತ್ಯಾಸ ಇದು. ತಾಯಿಯ ತಪ್ಪು ಹುಡುಕುವವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ಇನ್ನೊಂದು ಭಯ ಡೌನ್ ಸಿಂಡ್ರೋಮಿನದ್ದು. ಆಲಿಕೆ ಸ್ವಲ್ಪ ಹಿಗ್ಗಿರುವುದನ್ನು ಅದರ ಒಂದು ಸಣ್ಣ ಸುಳಿವು ಅಂತಲೂ ಪಟ್ಟಿ ಮಾಡುತ್ತಾರೆ, ನಿಜ. ಆದರೆ ತುಂಬಾ ದುರ್ಬಲ ಸುಳಿವು. ಮೂರನೇ ತಿಂಗಳಲ್ಲಿ ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಅಳೆಯುವ ಎನ್‌ಟಿ ಸ್ಕ್ಯಾನ್, ರಕ್ತಪರೀಕ್ಷೆ ಸರಿಯಿದ್ದು, ಈ ಸ್ಕ್ಯಾನಿನಲ್ಲೂ ಬೇರೇನೂ ಕಾಣದಿದ್ದರೆ ಇದೊಂದೇ ಕಾರಣಕ್ಕೆ ಸಾಮಾನ್ಯವಾಗಿ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ ಮಾಡುವುದಿಲ್ಲ. ಬೇರೆ ವ್ಯತ್ಯಾಸಗಳೂ ಜೊತೆಗಿದ್ದರೆ ಮಾತು ಬೇರೆ. ಆಗ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಿಕೊಳ್ಳುವುದು ಒಳ್ಳೆಯದು.

ಎಲ್ಲರಿಗೂ ಸಮಾಧಾನ ಹೇಳಿ ಕಳಿಸುವಂಥದ್ದೂ ಅಲ್ಲ ಇದು

ಮೋರಿ ಬಾಯಿ ಕಟ್ಟಿಕೊಳ್ಳುವ ವಿಚಾರ ಹೇಳುತ್ತೇನೆ ಅಂದೆ. ಅದಕ್ಕೆ ಪಿಯುವಿ, ಅಂದರೆ ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್ ಎಂದು ಹೆಸರು. ಮೂತ್ರಕೋಶದಿಂದ ಹೊರಬರುವ ದಾರಿಯಲ್ಲಿ ತೆಳು ಪರದೆ ಬೆಳೆದು ಅಡ್ಡ ನಿಂತಿರುತ್ತದೆ. ಗಂಡುಮಕ್ಕಳಲ್ಲಿ ಮಾತ್ರ, ಅವರಲ್ಲೂ ಹಲವು ಸಾವಿರಕ್ಕೆ ಒಬ್ಬರಲ್ಲಿ ಬರುತ್ತದೆ. ಸ್ಕ್ಯಾನಿನಲ್ಲಿ ಎರಡೂ ಕಿಡ್ನಿ ಊದಿರುತ್ತವೆ, ಮೂತ್ರಕೋಶ ತುಂಬಿ ಬಿಗಿದು ಅದರ ಗೋಡೆ ದಪ್ಪಗಾಗಿರುತ್ತದೆ, ಕೆಳಗೆ ಮೂತ್ರದ ದಾರಿಯೂ ಹಿಗ್ಗಿ ಒಟ್ಟು ಆಕಾರ ಹಳೇ ಬೀಗದ ಕೀಲಿಕಂಡಿಯ ಹಾಗೆ ಕಾಣುತ್ತದೆ. ನೀರೂ ಕಡಿಮೆಯಿದ್ದರೆ ತಡಮಾಡುವಂತಿಲ್ಲ. ಇಂಥ ಹೆರಿಗೆ ಮಕ್ಕಳ ಸರ್ಜನ್ ಮತ್ತು ಹಸುಗೂಸುಗಳ ತೀವ್ರ ನಿಗಾ ಘಟಕ, ಅಂದರೆ ಎನ್‌ಐಸಿಯು ಇರುವ ಆಸ್ಪತ್ರೆಯಲ್ಲೇ ಆಗಬೇಕು. ಮಗು ಹುಟ್ಟಿದ ಕೂಡಲೇ ಒಂದು ಸಣ್ಣ ನಳಿಕೆ ಹಾಕಿ ಮೂತ್ರ ಹೊರಗೆ ಹರಿಸುತ್ತಾರೆ. ಮಗು ಸುಧಾರಿಸಿಕೊಂಡ ಮೇಲೆ ದುರ್ಬೀನಿನ ಮೂಲಕ ಆ ಪರದೆಯನ್ನು ಸುಟ್ಟೋ ಕತ್ತರಿಸಿಯೋ ದಾರಿ ಬಿಡಿಸುತ್ತಾರೆ.

ಹೊಟ್ಟೆಯಲ್ಲಿರುವಾಗಲೇ ಏನಾದರೂ ಮಾಡಬಹುದೇ? ಮಗುವಿನ ಮೂತ್ರಕೋಶದಿಂದ ಸುತ್ತಲಿನ ನೀರಿಗೆ ಪುಟ್ಟ ಕೊಳವೆ ಇಡುವ ವಿಧಾನ ಇದೆ. ಬ್ರಿಟನ್ನಿನಲ್ಲಿ ಪ್ಲೂಟೋ ಅನ್ನುವ ಅಧ್ಯಯನ ಇದನ್ನು ಪರೀಕ್ಷಿಸಹೊರಟು, 31 ತಾಯಂದಿರು ಮಾತ್ರ ಸೇರಿದ್ದರಿಂದ ಅರ್ಧಕ್ಕೇ ನಿಂತಿತು. 2013ರಲ್ಲಿ ಬಂದ ಅದರ ಫಲಿತಾಂಶದಿಂದ ಬದುಕುಳಿಯಲು ಸ್ವಲ್ಪ ಸಹಾಯವಾಗಬಹುದು ಅನ್ನಿಸಿತೇ ಹೊರತು, ಬದುಕುಳಿದ ಮಕ್ಕಳಲ್ಲಿ ಒಳ್ಳೆಯ ಕಿಡ್ನಿ ಇದ್ದವರು ತೀರಾ ಕಡಿಮೆ. ಆದ್ದರಿಂದ ಇದನ್ನು ಯಾರಿಗೂ ಸಲೀಸಾಗಿ ‘ಮಾಡಿಸಿಬಿಡಿ’ ಅನ್ನುವುದಿಲ್ಲ. ಆಯ್ದ ಕೆಲವು ಕೇಸುಗಳಲ್ಲಿ, ಅನುಭವ ಇರುವ ಕಡೆ, ಕೂತು ಮಾತಾಡಿ ತೀರ್ಮಾನಿಸುವಂಥದ್ದು.

ಇಲ್ಲೊಂದು ಮಾತು. ಗಂಡುಮಕ್ಕಳಲ್ಲಿ ಮಾತ್ರ ಅಂತ ಓದಿದ ಕೂಡಲೇ ರಿಪೋರ್ಟಿನಲ್ಲಿ ಲಿಂಗ ಹುಡುಕಲು ಹೋಗಬೇಡಿ. ಡಾಕ್ಟರನ್ನೂ ಕೇಳಬೇಡಿ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಅವರು ಹೇಳುವಂತಿಲ್ಲ. ಯಾಕೆ ಹೇಳುವಂತಿಲ್ಲ ಅನ್ನುವುದು ನಮಗೆಲ್ಲ ಚೆನ್ನಾಗಿಯೇ ಗೊತ್ತು.

ಇನ್ನು ಬೇರೆ ಕೆಲವು ಹೆಸರುಗಳು ನಿಮ್ಮ ರಿಪೋರ್ಟಿನಲ್ಲಿ ಇರಬಹುದು. ಒಂದೇ ಕಿಡ್ನಿ ಇರುವುದು ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಕಾಣುತ್ತದೆ. ಎಷ್ಟೋ ಜನಕ್ಕೆ ಐವತ್ತು ವರ್ಷ ದಾಟಿದ ಮೇಲೆ, ಬೇರೇನಕ್ಕೋ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಗುತ್ತದೆ. ಇರುವ ಒಂದೇ ಕಿಡ್ನಿ ಹೊಟ್ಟೆಯಲ್ಲೇ ದೊಡ್ಡದಾಗಿ ಬೆಳೆದು ಎರಡರ ಕೆಲಸ ವಹಿಸಿಕೊಳ್ಳುತ್ತದೆ. ಎಂಸಿಡಿಕೆ ಅಂತಿದ್ದರೆ ಒಂದು ಕಿಡ್ನಿ ದ್ರಾಕ್ಷಿ ಗೊಂಚಲಿನ ಹಾಗೆ ನೀರುಗುಳ್ಳೆಗಳಾಗಿದೆ, ಅದು ಕೆಲಸ ಮಾಡುವುದಿಲ್ಲ ಅಂತ ಅರ್ಥ. ಮೊದಲು ಅದನ್ನು ಆಪರೇಷನ್ ಮಾಡಿ ತೆಗೆಯುತ್ತಿದ್ದರು. ಈಗ ಹೆಚ್ಚಾಗಿ ಮುಟ್ಟುವುದಿಲ್ಲ, ವರ್ಷಗಳಲ್ಲಿ ತಾನೇ ಮುದುಡಿಕೊಳ್ಳುತ್ತದೆ. ಎರಡರಲ್ಲೂ ಉಳಿದ ಇನ್ನೊಂದು ಕಿಡ್ನಿ ಚೆನ್ನಾಗಿದೆಯೇ ಅನ್ನುವುದೇ ಮುಖ್ಯ. ಮಗು ಬೆಳೆಯುತ್ತಾ ಹೋದ ಹಾಗೆ ಬಿಪಿ ಮತ್ತು ಮೂತ್ರದಲ್ಲಿ ಪ್ರೋಟೀನ್ ನೋಡಿಸುತ್ತಿರಬೇಕು. ಎರಡೂ ಕಿಡ್ನಿ ದೊಡ್ಡದಾಗಿ ಬೆಳ್ಳಗೆ ಹೊಳೆಯುತ್ತಿವೆ ಎಂದು ಬರೆದಿದ್ದರೆ ಅಪ್ಪ ಅಮ್ಮನ ಕಿಡ್ನಿಯನ್ನೂ ಸ್ಕ್ಯಾನ್ ಮಾಡಲು ಹೇಳಬಹುದು. ಕೆಲವು ಬಗೆಯ ನೀರುಗುಳ್ಳೆ ಕಾಯಿಲೆ ವಂಶದಲ್ಲಿ ಬರುತ್ತದೆ.

ಎರಡೂ ಕಿಡ್ನಿ ಮೂಡದೇ ಇರುವುದು ತೀರಾ ವಿರಳ. ನೀರು ಇಲ್ಲದೆ ಶ್ವಾಸಕೋಶ ಬೆಳೆದಿರುವುದಿಲ್ಲ, ಅಂಥ ಮಗು ಹುಟ್ಟಿದ ಮೇಲೆ ಸಾಮಾನ್ಯವಾಗಿ ಉಳಿಯುವುದಿಲ್ಲ. ಈ ಸುದ್ದಿ ಕೇಳಿದವರಿಗೆ ಮೇಲಿನ ಯಾವ ಸಮಾಧಾನವೂ ಹೊಂದುವುದಿಲ್ಲ. ಬೇರೆ ಕಡೆ, ಗರ್ಭದಲ್ಲಿರುವ ಮಗುವನ್ನು ನೋಡುವ ಇನ್ನೊಬ್ಬ ಫೀಟಲ್ ಮೆಡಿಸಿನ್ ತಜ್ಞರಿಂದ ಖಚಿತಪಡಿಸಿಕೊಳ್ಳಿ. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಭ್ರೂಣದಲ್ಲಿ ಗಂಭೀರ ನ್ಯೂನತೆ ಇದ್ದರೆ 24 ವಾರ ದಾಟಿದ ಮೇಲೂ ಮೆಡಿಕಲ್ ಬೋರ್ಡ್ ಅನುಮತಿಯಿಂದ ಗರ್ಭ ತೆಗೆಸಲು ಅವಕಾಶವಿದೆ. ತೆಗೆಸಬೇಕೋ ಬೇಡವೋ ಅನ್ನುವುದು ಆ ದಂಪತಿಗೆ ಬಿಟ್ಟದ್ದು. ಅಲ್ಲಿ ನೆಂಟರಿಷ್ಟರ ಕೆಲಸ ಬಾಗಿಲಲ್ಲಿ ಸುಮ್ನೆ ಕೂತಿರುವುದು ಮಾತ್ರ. ಒಂದು ಕಡೆಯ ಸಾಮಾನ್ಯ ಊತಕ್ಕೆ ಇಂಥ ಮಾತೇ ಬರಬಾರದು. ಯಾರಾದರೂ ಎತ್ತಿದರೆ ಬೇರೆ ಡಾಕ್ಟರನ್ನು ನೋಡಿ.

32ನೇ ವಾರಕ್ಕೆ ನನ್ನದು 11 ಎಂಎಂ ಆಗಿತ್ತು. ಜಾಸ್ತಿ ಆಗಿದೆ ಅಂತ ಅತ್ತೆ ಬಾರ್ಲಿ ಚೊಂಬನ್ನು ಮೂರು ಮಾಡಿದರು. ನನಗೆ ಸಿಸೇರಿಯನ್ನೇ ಆಗಬೇಕೇನೋ, ಬೇಗ ತೆಗೆದುಬಿಡುತ್ತಾರೇನೋ ಅನ್ನುವ ಅಂಜಿಕೆ ಇತ್ತು. ಹಾಗೇನಿಲ್ಲ. ಒಂದು ಕಡೆ ಊದಿದೆ, ನೀರು ಸರಿಯಿದೆ ಅಂದರೆ ತಿಂಗಳು ತುಂಬಿ, ಮಾಮೂಲಿ ಹೆರಿಗೆ ಆಗಬಹುದು. ಆದಷ್ಟು ಬೇಗ ತೆಗೆಯುವುದರಿಂದ ಮಗುವಿಗೆ ನಷ್ಟವೇ.

ನಿಜವಾದ ಪರೀಕ್ಷೆ ಶುರುವಾಗುವುದು ಬಾಣಂತಿ ಕೋಣೆಯಲ್ಲಿ

ಮಗ ಹುಟ್ಟಿದ. ಕೆಂಪಗೆ, ಗಟ್ಟಿಯಾಗಿ ಅಳುತ್ತಾ. ಮೊದಲ ದಿನವೇ ಉಚ್ಚೆ ಹೊಯ್ದ. ಗಂಡುಮಗುವಾದರೆ ಉಚ್ಚೆ ಕಮಾನಿನ ಹಾಗೆ ಹಾರುತ್ತದೋ, ತೊಟ್ಟು ತೊಟ್ಟಾಗಿ ಬೀಳುತ್ತದೋ ನೋಡಿಡಿ ಅಂದಿದ್ದರು. ಹಾರಿತು, ನನ್ನಮ್ಮನ ಸೀರೆಯ ಮೇಲೇ. ಎಲ್ಲರೂ ನಕ್ಕರು. ‘ನೋಡು, ಏನೂ ಇಲ್ಲ, ಸುಮ್ನೆ ಹೆದರಿಸಿದ್ದರು’ ಅಂದರು.

ಈ ‘ಏನೂ ಇಲ್ಲ’ ಇದೆಯಲ್ಲ, ಇದೇ ಅಪಾಯದ ಮಾತು. ನನ್ನ ಅನುಭವದಲ್ಲಿ ಗರ್ಭದಲ್ಲಿರುವಾಗ ನಾವು ಬೇಕಿರುವುದಕ್ಕಿಂತ ನಾಲ್ಕು ಪಟ್ಟು ಹೆದರುತ್ತೇವೆ, ಹುಟ್ಟಿದ ಮೇಲೆ ಬೇಕಿರುವುದರ ಕಾಲು ಭಾಗವೂ ಎಚ್ಚರ ಇರುವುದಿಲ್ಲ. ಊದಿದ ಕಿಡ್ನಿಯಿರುವ ಮಗು ನೋಡಲು ಮಿಕ್ಕ ಮಕ್ಕಳ ಹಾಗೆಯೇ ಇರುತ್ತದೆ. ಹಾಲು ಕುಡಿಯುತ್ತದೆ, ತೂಕ ಹಾಕುತ್ತದೆ, ನಗುತ್ತದೆ. ಒಳಗೆ ಒಂದು ಕಿಡ್ನಿ ನಿಧಾನಕ್ಕೆ ಶಕ್ತಿ ಕಳೆದುಕೊಳ್ಳುತ್ತಿದ್ದರೂ ಹೊರಗೆ ಏನೂ ತೋರುವುದಿಲ್ಲ. ಇನ್ನೊಂದು ಕಿಡ್ನಿ ಎಲ್ಲ ಮುಚ್ಚಿಡುತ್ತದೆ.

ಹುಟ್ಟಿದ ಮೇಲಿನ ಮೊದಲ ಸ್ಕ್ಯಾನ್ ಯಾವಾಗ? ಹುಟ್ಟಿದ ದಿನವೇ ಮಾಡಿಸಿದರೆ ಮೋಸ ಹೋಗುತ್ತೀರಿ. ಮೊದಲ ಎರಡು ದಿನ ಮಗುವಿನ ಮೈಯಲ್ಲಿ ನೀರಿನಂಶ ಕಡಿಮೆ, ಮೂತ್ರ ಕಡಿಮೆ. ಊದಿದ ಆಲಿಕೆಯೂ ಆಗ ಸಣ್ಣದಾಗಿ ಕಾಣುತ್ತದೆ. ಹಾಗಾಗಿ ಮಾಮೂಲಿ ಕೇಸಿನಲ್ಲಿ 3ರಿಂದ 7ನೇ ದಿನದೊಳಗೆ ಮಾಡಿಸುತ್ತಾರೆ. ಪಿಯುವಿ ಅನುಮಾನ, ಎರಡೂ ಕಡೆ ಜೋರು ಊತ, ಒಂದೇ ಕಿಡ್ನಿ ಇದ್ದು ಅದೂ ಊದಿರುವುದು, ಇವುಗಳಲ್ಲಿ ಮಾತ್ರ ಒಂದೆರಡು ದಿನದೊಳಗೇ ನೋಡುತ್ತಾರೆ. ಆಮೇಲೆ 4ರಿಂದ 6 ವಾರಕ್ಕೆ ಎರಡನೆಯ ಸ್ಕ್ಯಾನ್. ಮೊದಲನೆಯದು ನಾರ್ಮಲ್ ಬಂದರೂ ಎರಡನೆಯದು ಬೇಕು. ಇಂಡಿಯನ್ ಸೊಸೈಟಿ ಆಫ್ ಪೀಡಿಯಾಟ್ರಿಕ್ ನೆಫ್ರಾಲಜಿ ಎಂಬ ಮಕ್ಕಳ ಕಿಡ್ನಿ ತಜ್ಞರ ಸಂಘ 2013ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಹೇಳುವುದು ಸುಲಭ. ಆರನೇ ವಾರ ಅಂದರೆ ನಮ್ಮಲ್ಲಿ ಏನು? ನಡುಬಾಣಂತನ. ನಾನು ತರೀಕೆರೆಯ ತವರಿನಲ್ಲಿದ್ದೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೆಳಿಗ್ಗೆ ಎಣ್ಣೆನೀರು, ಆಮೇಲೆ ಸಾಂಬ್ರಾಣಿ ಹೊಗೆ. ಹೆರಿಗೆ ಮಾಡಿಸಿದ ಡಾಕ್ಟರ್ ಬೆಂಗಳೂರಿನಲ್ಲಿ. ಸ್ಕ್ಯಾನ್ ರಿಪೋರ್ಟು ಗಂಡನ ಮನೆಯ ಬೀರುವಿನಲ್ಲಿ. ತಾಯಿ ಕಾರ್ಡಿನಲ್ಲಿ ಕಿಡ್ನಿಯ ಸುದ್ದಿಯೇ ಬರೆದಿಲ್ಲ. ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನ್ ಮಾಡಿಸಬೇಕು ಅಂದಾಗ ಅಜ್ಜಿ ಜಗಲಿಯಿಂದಲೇ ಕೂಗಿದರು: ‘ಮೂರು ತಿಂಗಳು ಹೊಸಿಲು ದಾಟಿಸಲ್ಲ. ಹಾಲು ಕುಡಿಯೋ ಕೂಸಿಗೆ ಎಂಥ ಸ್ಕ್ಯಾನಿಂಗು?’

ನಾನು ಅತ್ತೆ, ಅಮ್ಮ, ಅಪ್ಪ ಎಲ್ಲರ ಹತ್ತಿರ ವಾದ ಮಾಡಿ ಸೋತಿದ್ದೆ. ಕೊನೆಗೆ ಅಜ್ಜಿಯ ಪಕ್ಕ ಕೂತು ಒಂದೇ ಮಾತು ಹೇಳಿದೆ. ‘ಅಜ್ಜಿ, ತೋಟದಲ್ಲಿ ಒಂದು ಅಡಿಕೆ ಸಸಿ ಬುಡಕ್ಕೆ ನೀರು ನಿಂತಿದೆ ಅಂತ ಆಳು ಬಂದು ಹೇಳಿದರೆ ಮೂರು ತಿಂಗಳು ಬಿಟ್ಟು ನೋಡ್ತೀಯಾ?’ ಅಜ್ಜಿ ಮಾತಾಡಲಿಲ್ಲ. ಮಾರನೇ ದಿನ ತಾವೇ ಕೂಸನ್ನು ಕಂಬಳಿಯಲ್ಲಿ ಸುತ್ತಿ, ಕೆನ್ನೆಗೆ ಅಂಗಾಲಿಗೆ ದೃಷ್ಟಿಬೊಟ್ಟಿಟ್ಟು, ಕಾರಿನ ಕಿಟಕಿ ಏರಿಸಿಯೇ ಹೋಗಬೇಕು ಅಂತ ಷರತ್ತು ಹಾಕಿ ಕಳಿಸಿದರು. 5ನೇ ದಿನ 9 ಎಂಎಂ ಇದ್ದದ್ದು ಆವತ್ತು 14 ಆಗಿತ್ತು. ಹೋಗದೇ ಇದ್ದಿದ್ದರೆ 9 ಅಂತಲೇ ನೆಮ್ಮದಿಯಾಗಿ ಇರುತ್ತಿದ್ದೆವು.

ಬಸುರಿಯಾಗಿರುವಾಗಲೇ ಮಾಡಬಹುದಾದ ಒಂದು ಕೆಲಸ ಇದೆ. ಎಲ್ಲ ಸ್ಕ್ಯಾನ್ ರಿಪೋರ್ಟುಗಳ ಫೋಟೋ ತೆಗೆದು ಗಂಡ, ಅಮ್ಮ ಇಬ್ಬರ ಮೊಬೈಲಿನಲ್ಲೂ ಇಡಿ. ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ‘ಮಗುವಿನ ಎಡ ಕಿಡ್ನಿ ಊತ, 5ನೇ ದಿನ ಮತ್ತು 6ನೇ ವಾರ ಸ್ಕ್ಯಾನ್’ ಅಂತ ಬರೆಸಿ. ಎಲ್ಲಿ ಬಾಣಂತನ ಅಂತ ಗೊತ್ತಿದ್ದರೆ ಅಲ್ಲಿನ ಸ್ಕ್ಯಾನಿಂಗ್ ಸೆಂಟರನ್ನೂ ಮೊದಲೇ ವಿಚಾರಿಸಿಡಿ.

ಜ್ವರದ ಮಾತು ಇನ್ನೂ ಮುಖ್ಯ. ಮೂತ್ರ ನಿಂತಲ್ಲಿ ಸೋಂಕು ಬೇಗ ಹತ್ತುತ್ತದೆ. ಹಸುಳೆಗೆ ‘ಉರಿ’ ಅಂತ ಹೇಳಲು ಬರುವುದಿಲ್ಲ. ಕೆಮ್ಮು ನೆಗಡಿ ಇಲ್ಲದ ಜ್ವರ, ಹಾಲು ಬೇಡ ಅನ್ನುವುದು, ವಾಂತಿ, ಮಂಕಾಗಿ ಮಲಗಿರುವುದು, ಇಷ್ಟೇ ಲಕ್ಷಣ. ಮೂರು ತಿಂಗಳೊಳಗಿನ ಯಾವ ಮಗುವಿಗೆ ಜ್ವರ ಬಂದರೂ ಅದೇ ದಿನ ಡಾಕ್ಟರಿಗೆ ತೋರಿಸಬೇಕು. ಇಂಥ ಮಗುವಿಗಂತೂ ಕೇಳುವುದೇ ಬೇಡ. ಇಲ್ಲಿ ಒಂದು ಗೊಂದಲ ಆಗುತ್ತದೆ: ಆರನೇ ವಾರದ ಲಸಿಕೆ ಹಾಕಿಸಿದಾಗಲೂ ಜ್ವರ ಬರುತ್ತದೆ. ಹಾಗೆ ಬಂದರೂ ಕಿಡ್ನಿಯ ವಿಚಾರ ಹೇಳಿ ಡಾಕ್ಟರನ್ನು ಕೇಳಿಬಿಡಿ, ‘ಸೂಜಿ ಜ್ವರ’ ಅಂತ ನೀವೇ ತೀರ್ಮಾನಿಸಬೇಡಿ. ಆಂಟಿಬಯಾಟಿಕ್ ಶುರು ಮಾಡುವ ಮೊದಲು ಮೂತ್ರವನ್ನು ಕಲ್ಚರ್‌ಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸಬೇಕು. ಔಷಧ ಬಿದ್ದ ಮೇಲೆ ಕಳಿಸಿದರೆ ಸೋಂಕು ಇತ್ತೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಅಂಟಿಸುವ ಚೀಲದಲ್ಲಿ ಹಿಡಿದ ಮೂತ್ರಕ್ಕೆ ಚರ್ಮದ ಮೇಲಿನ ಕ್ರಿಮಿಗಳೂ ಸೇರುವುದರಿಂದ ಕಲ್ಚರ್ ಸುಳ್ಳು ಹೇಳಬಹುದು. ಚೆನ್ನಾಗಿ ತೊಳೆದು, ತಣ್ಣೀರಿನಲ್ಲಿ ಅದ್ದಿದ ಹತ್ತಿಬಟ್ಟೆಯಿಂದ ಕೆಳಹೊಟ್ಟೆಯನ್ನು ಮೆಲ್ಲಗೆ ಉಜ್ಜಿದರೆ ಎಷ್ಟೋ ಸಲ ಮಗು ಚುರ್ರೆಂದು ಹೊಯ್ಯುತ್ತದೆ. ಬಾಟಲಿ ಹಿಡಿದು ತಯಾರಿರಬೇಕು, ಅಷ್ಟೇ.

ಊತ ಜೋರಿದ್ದರೆ, ರಿಫ್ಲಕ್ಸ್ ಅನುಮಾನವಿದ್ದರೆ ಸೋಂಕು ಬಾರದಂತೆ ದಿನಕ್ಕೊಮ್ಮೆ ಸಣ್ಣ ಪ್ರಮಾಣದ ಆಂಟಿಬಯಾಟಿಕ್ ಕೊಡುತ್ತಾರೆ. ಎಲ್ಲರಿಗೂ ಬೇಕಿಲ್ಲ. ಕೊಟ್ಟಿದ್ದರೆ ‘ದಿನಾ ಯಾಕೆ ಹೀಟ್ ಔಷಧಿ’ ಅಂತ ನಾವೇ ನಿಲ್ಲಿಸುವಂತಿಲ್ಲ. ಇನ್ನು ಹಸುಳೆಗೆ ಬಾರ್ಲಿ ನೀರು, ಎಳನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಆರು ತಿಂಗಳು ಎದೆಹಾಲೇ ಸಾಕು, ಕಿಡ್ನಿಗೂ ಅದೇ.

ಪರೀಕ್ಷೆಗಳ ಹೆಸರು ಕೇಳಿದರೆ ಗಾಬರಿಯಾಗುತ್ತದೆ. ಎಂಸಿಯು ಅಂದರೆ ಮೂತ್ರದ ದಾರಿಯಲ್ಲಿ ಸಣ್ಣ ನಳಿಕೆ ಹಾಕಿ, ಮೂತ್ರಕೋಶಕ್ಕೆ ಬಣ್ಣದ ದ್ರವ ತುಂಬಿ, ಮಗು ಉಚ್ಚೆ ಹೊಯ್ಯುವಾಗ ಎಕ್ಸ್‌ರೇ ತೆಗೆಯುವುದು. ರಿಫ್ಲಕ್ಸ್ ಮತ್ತು ಪಿಯುವಿ ಇದರಲ್ಲಿ ಗೊತ್ತಾಗುತ್ತದೆ. ಮಗು ಅಳುತ್ತದೆ, ನಾವೂ ಅಳುತ್ತೇವೆ. ಊತವಿರುವ ಎಲ್ಲರಿಗೂ ಇದು ಬೇಕಿಲ್ಲ. ನಮಗೆ ಹೇಳಿದ್ದು ರೀನೋಗ್ರಾಂ, ಅದೂ ಎರಡು ತಿಂಗಳು ತುಂಬಿದ ಮೇಲೆ. ಕೆಲವು ಕಡೆ ಡಿಟಿಪಿಎ ಅನ್ನುತ್ತಾರೆ, ಕೆಲವು ಕಡೆ ಇಸಿ ಸ್ಕ್ಯಾನ್. ಕೈಗೆ ಸಣ್ಣ ಸೂಜಿ ಚುಚ್ಚಿ ಅತಿ ಕಡಿಮೆ ಪ್ರಮಾಣದ ವಿಕಿರಣ ಔಷಧ ಬಿಡುತ್ತಾರೆ. ಹೊಟ್ಟೆ ತುಂಬ ಹಾಲು ಕುಡಿಸಿ, ಬೆಡ್‌ಶೀಟಿನಲ್ಲಿ ಕೈಕಾಲು ಕಟ್ಟಿದ ಹಾಗೆ ಸುತ್ತಿ, ಕ್ಯಾಮೆರಾದ ಕೆಳಗೆ ಮಲಗಿಸಿದೆವು. ಮೂತ್ರ ಜಾಸ್ತಿ ಮಾಡಿಸುವ ಲಾಸಿಕ್ಸ್ ಔಷಧವನ್ನೂ ಕೊಟ್ಟರು. ನನ್ನ ಮಗ ಅರ್ಧ ಗಂಟೆ ನಿದ್ದೆ ಹೊಡೆದ. ಪರದೆಯ ಮೇಲೆ ಎರಡು ಬೆಳಕಿನ ಚುಕ್ಕೆ. ಬಲಗಡೆಯದ್ದು ಬೆಳಗಿ ಬೇಗ ಆರಿತು. ಎಡಗಡೆಯದ್ದು ಬೆಳಗಿ, ಆರಲು ಹಠ ಮಾಡುತ್ತಾ ನಿಂತಿತ್ತು.

ಅದರ ರಿಪೋರ್ಟಿನಲ್ಲಿ ನೋಡಬೇಕಾದದ್ದು ಎರಡು ಸಂಗತಿ. ಒಟ್ಟು ಕೆಲಸವನ್ನು 100 ಅಂತಿಟ್ಟುಕೊಂಡರೆ ಯಾವ ಕಿಡ್ನಿ ಎಷ್ಟು ಮಾಡುತ್ತಿದೆ, ಮತ್ತು ಎಷ್ಟು ಬೇಗ ಖಾಲಿಯಾಗುತ್ತಿದೆ. 45ರಿಂದ 55ರೊಳಗಿದ್ದರೆ ಸರಿಸಮ. ಊದಿದ ಕಿಡ್ನಿಯ ಪಾಲು 40ಕ್ಕಿಂತ ಕೆಳಗೆ ಬಂದರೆ, ಇಲ್ಲವೇ ಮುಂದಿನ ಸ್ಕ್ಯಾನಿನಲ್ಲಿ 10ರಷ್ಟು ಇಳಿದರೆ ಆಪರೇಷನ್ ಯೋಚನೆ ಮಾಡುತ್ತಾರೆ. ನಮ್ಮದು 46. ಖಾಲಿಯಾಗುವುದು ನಿಧಾನ. ‘ಕಾಯೋಣ’ ಅಂದರು. ಕಾಯುವುದು ಅಂದರೆ ಸುಮ್ಮನಿರುವುದಲ್ಲ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಕಾಯುವುದು.

ಅದೇ ದಿನ ಹೊರಗೆ ಬೆಂಚಿನಲ್ಲಿ ಕೂತಿದ್ದ ಹಾವೇರಿ ಕಡೆಯ ದಂಪತಿಯ ಕೂಸಿಗೆ 31 ಬಂದಿತ್ತು. ಅವರಿಗೆ ಪೈಲೋಪ್ಲಾಸ್ಟಿ ಹೇಳಿದರು. ಕಿರಿದಾದ ತುಂಡನ್ನು ಕತ್ತರಿಸಿ ತೆಗೆದು, ಒಳ್ಳೆಯ ಭಾಗವನ್ನು ಆಲಿಕೆಗೆ ಜೋಡಿಸಿ ಹೊಲಿಯುವುದು. ಆಂಡರ್ಸನ್ ಮತ್ತು ಹೈನ್ಸ್ ಎಂಬ ಇಬ್ಬರು ಸರ್ಜನ್‌ಗಳು 1949ರಲ್ಲಿ ವಿವರಿಸಿದ ಈ ವಿಧಾನವನ್ನೇ ಇವತ್ತಿಗೂ, ತೆರೆದೋ ಲ್ಯಾಪರೋಸ್ಕೋಪಿಯಲ್ಲೋ, ಮಾಡುತ್ತಾರೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಕ್ಕಳಲ್ಲಿ ಒಂದೇ ಸಲಕ್ಕೆ ಸರಿಹೋಗುತ್ತದೆ. ಹೊಲಿಗೆ ಮಾಗುವ ತನಕ ಒಳಗೆ ಡಿಜೆ ಸ್ಟೆಂಟ್ ಅನ್ನುವ ಮೆದು ಕೊಳವೆ ಇಡುವುದುಂಟು. ಕೆಲವು ವಾರ ಬಿಟ್ಟು ಅದನ್ನು ತೆಗೆಸಲೇಬೇಕು. ಮಗು ಆಡಿಕೊಂಡಿದೆ ಅಂತ ಮರೆತರೆ ಅದರ ಮೇಲೆ ಕಲ್ಲು ಕಟ್ಟುತ್ತದೆ. ಡಿಸ್ಚಾರ್ಜ್ ಆಗುವಾಗಲೇ ತೆಗೆಯುವ ತಾರೀಕು ಬರೆಸಿಕೊಳ್ಳಿ.

ಖರ್ಚಿನ ಚಿಂತೆ ಇದ್ದವರು ಇಷ್ಟು ತಿಳಿದಿರಲಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರ್ಕಾರದ್ದೇ. ಕೇಂದ್ರ ಸರ್ಕಾರ 2013ರಲ್ಲಿ ಶುರು ಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ ಇದೆ, ಹುಟ್ಟಿನಿಂದ 18 ವರ್ಷದ ತನಕ ಮಕ್ಕಳ ತಪಾಸಣೆಗೆ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೇಳಿದರೆ ಮುಂದೆ ಎಲ್ಲಿಗೆ ಹೋಗಬೇಕು ಅನ್ನುವ ದಾರಿ ಸಿಗುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಮಗುವಿನ ಆಪರೇಷನ್ ಬರುತ್ತದೆಯೇ ಅಂತ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ. ತೋರಿಸಬೇಕಾದದ್ದು ಮಕ್ಕಳ ಸರ್ಜನ್, ಮಕ್ಕಳ ಯುರಾಲಜಿಸ್ಟ್ ಅಥವಾ ಮಕ್ಕಳ ನೆಫ್ರಾಲಜಿಸ್ಟ್ ಹತ್ತಿರ. ದೊಡ್ಡವರ ಕಿಡ್ನಿ ಕಲ್ಲು ನೋಡುವವರ ಹತ್ತಿರ ಅಲ್ಲ.

ನಮ್ಮ ಮಗನಿಗೆ ಆಪರೇಷನ್ ಬೇಕಾಗಲಿಲ್ಲ. 14 ಇದ್ದದ್ದು ಒಂದು ವರ್ಷಕ್ಕೆ 12, ಎರಡು ತುಂಬಿದಾಗ 9. ಒಮ್ಮೆ ಎಂಟನೇ ತಿಂಗಳಲ್ಲಿ ಜ್ವರ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆವು, ಮೂತ್ರದ ಸೋಂಕೇ ಆಗಿತ್ತು. ಈಗ ಅವನಿಗೆ ನಾಲ್ಕು ವರ್ಷ. ಸ್ಕ್ಯಾನಿಂಗ್ ಕೋಣೆಯಲ್ಲಿ ತಾನೇ ಅಂಗಿ ಎತ್ತಿ ಮಲಗುತ್ತಾನೆ. ಹೋದ ಸಲ ಜೆಲ್ ಹಾಕಿದ ಕೂಡಲೇ ‘ಥಂಡಿ, ಥಂಡಿ’ ಅಂತ ಕಿರುಚಿದ. ಪರದೆಯ ಮೇಲೆ ಅದೇ ಎರಡು ಪ್ಲಸ್ ಗುರುತು, ನಡುವೆ ಚುಕ್ಕೆಗೆರೆ. 7 ಎಂಎಂ. ‘ಮುಂದಿನ ವರ್ಷ ಬನ್ನಿ’ ಅಂದರು.